ಜ್ವರ ಬರುತ್ತದೆ ಅಂತ ಮೊದಲೇ ಹೇಳು

ಗಂಗಾವತಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರದ ಒಂದು ಸಾಲು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. 'ನನ್ನ ಮಾತು ನಂಬಿ ಲಸಿಕೆ ಹಾಕಿಸಿದ ಕೂಸಿಗೆ ಏನಾದರೂ ಆದರೆ, ದೊಡ್ಡವ್ವ?' 28 ವರ್ಷ ಸೂಜಿ ಹಿಡಿದರೂ ಈ ಭಯ ನನ್ನನ್ನು ಬಿಡಲಿಲ್ಲ. ಅದಕ್ಕೆ ಹೆದರಿ ಒಂದು ತಪ್ಪು ಮಾಡಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಕಾಲುವೆ ಕೆಳಗಿನ ಊರು. ಭತ್ತದ ನಾಟಿ ಕಾಲ. ಒಬ್ಬ ತಾಯಿ ಒಂದೂವರೆ ತಿಂಗಳ ಕೂಸನ್ನು ಎತ್ತಿಕೊಂಡು ಗದ್ದೆಯಿಂದಲೇ ಬಂದಳು. ಕೆಸರು ಮೊಣಕಾಲಿನವರೆಗೂ ಒಣಗಿತ್ತು. 'ಏನೂ ಆಗಲ್ಲ ಅಲ್ವಾ ಅಕ್ಕಾ?' ಅಂದಳು. 'ಏನೂ ಆಗಲ್ಲ' ಅಂದುಬಿಟ್ಟೆ. ಜ್ವರ ಅಂದರೆ ಎದ್ದು ಹೋಗುತ್ತಾಳೆ ಅಂತ ಹೆದರಿಕೆ. ರಾತ್ರಿಯೆಲ್ಲ ಕೂಸು ಸುಡುತ್ತಿತ್ತಂತೆ, ತೊಡೆ ಬಾತಿತ್ತಂತೆ. ಎರಡು ದಿನದ ಕೂಲಿ ಹೋಯಿತು. ಆಮೇಲೆ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂಬತ್ತು ತಿಂಗಳಿಗೆ ಹಾಕಬೇಕಿದ್ದ ದಡಾರದ ಲಸಿಕೆ ತಪ್ಪಿತು. ಮರುವರ್ಷ ಕೂಸಿಗೆ ದಡಾರ ಎದ್ದಿತು. ಬದುಕಿತು, ಆದರೆ ಬಲಗಣ್ಣಿಗೆ ಬಿಳಿ ಹೂ ಬಿತ್ತು. ಸಂತೆಯಲ್ಲಿ ಆ ಹುಡುಗಿ ಕಂಡರೆ ನಾನು ಬೇರೆ ಸಾಲಿಗೆ ತಿರುಗುತ್ತಿದ್ದೆ.

ಆ ತಾಯಿ ಸೂಜಿಗೆ ಹೆದರಿದ್ದಲ್ಲ. ನಾನು ಸುಳ್ಳು ಹೇಳಿದೆ ಅಂತ ಅವಳಿಗೆ ಗೊತ್ತಾಯಿತು.

'ಏನಾದರೂ ಆದರೆ' ಅಂತೀಯಲ್ಲ, ಜ್ವರ ಬರುತ್ತದೆ ಪುಟ್ಟಿ. ಈಗಿನ ಪೆಂಟಾ ಲಸಿಕೆಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಕ್ಕೆ ತಡೆ ಇದೆ. ಅವನ್ನು ಎದುರಿಸಲು ಮೈ ಕಲಿಯುವಾಗ ಏರುವ ಬಿಸಿ ಅದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಸೂಜಿ ಚುಚ್ಚುವ ಮೊದಲೇ ಇದನ್ನು ಹೇಳು. ತೀರಾ ಅಪರೂಪಕ್ಕೆ ಜಾಸ್ತಿ ತೊಂದರೆ ಆಗುವುದೂ ಉಂಟು. ಅದಕ್ಕೇ ಅರ್ಧ ಗಂಟೆ ಕೂರಿಸಿಕೊಳ್ಳುವುದು. ಫಿಟ್ಸ್ ಬಂದರೆ, ಕೂಸು ಮಂಕಾದರೆ ತಡ ಮಾಡದೆ ಆಸ್ಪತ್ರೆಗೆ ಕಳಿಸು. ಮಾರನೇ ದಿನ ಆ ಮನೆಗೆ ಹೋಗು. ನಾನು ಹೋಗಿರಲಿಲ್ಲ.

ಅಜ್ಜಿಯರಿಗೆ ಭಾಷಣ ಬೇಡ. ಓಣಿಯಲ್ಲಿ ಪೋಲಿಯೊದಿಂದ ಕಾಲು ಸೊರಗಿದ ದೊಡ್ಡವರು ಇನ್ನೂ ಇದ್ದಾರೆ, ಚಿಕ್ಕ ಮಕ್ಕಳಲ್ಲಿ ಅಂಥವರು ಕಾಣುವುದಿಲ್ಲ. 2011ರ ಜನವರಿಯ ನಂತರ ತಾನಾಗೇ ಹರಡುವ ಕಾಡು ಪೋಲಿಯೊ ನಮ್ಮ ದೇಶದಲ್ಲಿ ಕಂಡೇ ಇಲ್ಲ. ಅವರ ಕಣ್ಣೆದುರೇ ಆದದ್ದು, ನೆನಪು ಮಾಡಿದರೆ ಸಾಕು. ಗುಳೆ ಹೋಗುವವರಿಗೆ ಲಸಿಕೆ ಬರೆದಿಡುವ ತಾಯಿ ಕಾರ್ಡ್ ಗಂಟಿನಲ್ಲಿ ಕಟ್ಟಿಕೊಳ್ಳಲು ಹೇಳು, ಬೆಂಗಳೂರಿನಲ್ಲೂ ಲಸಿಕೆ ಹಾಕುತ್ತಾರೆ. ಇದೆಲ್ಲ ನಿನಗೆ ಟ್ರೇನಿಂಗ್‌ನಲ್ಲೇ ಹೇಳಿರುತ್ತಾರೆ, ಮುದುಕಿ ಮತ್ತೆ ಹೇಳಿದಳು ಅಂತ ಬೇಸರ ಮಾಡಿಕೊಳ್ಳಬೇಡ.

ಮುಂದಿನ ಲಸಿಕೆ ದಿನ ಮುಗಿದ ಮೇಲೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಯಾವ ಕೂಸಿಗೆ ಜ್ವರ ಬಂತು, ತಾಯಿ ಏನಂದಳು, ಎಲ್ಲ ಹೇಳು.

ನಿನ್ನ
ದೊಡ್ಡವ್ವ