ಹೀಟಿಂಗ್ ಸೆಟಪ್ ಮಾಡ್ಕೊಡಿ ಅಂದ್ರೆ ಹಾವಿನ ಹೊಟ್ಟೆ ಸುಟ್ಟಿದೀರ, ದುಡ್ಡು ವಾಪಸ್ ಕೊಡಿ

ಗೆ,
ಅಂಗಡಿ ಮಾಲೀಕರಿಗೆ,
ಬೆಂಗಳೂರು

ವಿಷಯ: ನಮ್ಮನೆ ಬಾಲ್ ಪೈಥಾನ್ ಹಾವಿನ ಟ್ಯಾಂಕಿಗೆ ನೀವು ಮಾಡ್ಕೊಟ್ಟ ಹೀಟಿಂಗ್ ಸೆಟಪ್, ಅದ್ರಿಂದ ಆದ ಗಾಯ, ಆಮೇಲೆ ನೀವು ಕಳ್ಸಿದ 110 ವೋಲ್ಟ್ ಮ್ಯಾಟ್ ಬಗ್ಗೆ ದೂರು

ನಮಸ್ಕಾರ ಸರ್,

ವಾಟ್ಸಾಪಲ್ಲಿ ನಾಲ್ಕು ಸಲ ಬರ್ದೆ, ನಾಲ್ಕಕ್ಕೂ ನೀಲಿ ಟಿಕ್ ಬಂತು, ಉತ್ತರ ಮಾತ್ರ ಬರ್ಲಿಲ್ಲ. ಅದಕ್ಕೇ ಈಗ ಮೇಲ್ ಮಾಡ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ. ನೀವೂ ನಿಮ್ಮ ಹುಡುಗನೂ ನನ್ ಜೊತೆ ಫೋನಲ್ಲಿ ಕನ್ನಡದಲ್ಲೇ ಮಾತಾಡಿದ್ದು, ಹಾಗಾಗಿ ಅರ್ಥ ಆಗ್ಲಿಲ್ಲ ಅನ್ನೋ ಹಾಗಿಲ್ಲ.

ಮೊದ್ಲೇ ಹೇಳ್ಬಿಡ್ತೀನಿ, ಹಾವು ನಂದಲ್ಲ, ಮಗಳದ್ದು. ಅವ್ಳು ಓದೋಕೆ ಮಂಗಳೂರಿಗೆ ಹೋದ್ಲು, ಹಾಸ್ಟೆಲಲ್ಲಿ ಹಾವು ಬಿಡ್ತಾರಾ, ನನ್ ತಲೆಗೆ ಬಂತು. ಹೆಸ್ರು ಗುಂಡ, ನಾಲ್ಕು ವರ್ಷ, ಮೂರೂವರೆ ಅಡಿ, ಹೆದ್ರಿದ್ರೆ ಚೆಂಡಿನ ಥರ ಸುತ್ಕೊಂಡು ತಲೆ ಒಳಗಿಟ್ಕೊಳುತ್ತೆ, ಕಚ್ಚೋದಿಲ್ಲ ಏನಿಲ್ಲ. ಮೊದ್ಲು ಆ ರೂಮಿಗೇ ಕಾಲಿಡ್ತಿರ್ಲಿಲ್ಲ ನಾನು. ಈಗ ದಿನಾ ನೀರು ಬದ್ಲಾಯ್ಸೋದು ನಾನೇ, ಕ್ಲೀನ್ ಮಾಡೋದು ನಾನೇ, ಫ್ರೀಜರಿಂದ ಇಲಿ ತೆಗ್ದು ಕರಗ್ಸೋದೂ ನಾನೇ. ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನನಗೆ ಗೊತ್ತಿರ್ಲಿಲ್ಲ ಅಂತಾನೇ ದುಡ್ಡು ಕೊಟ್ಟು ನಿಮ್ಮನ್ನ ಕರ್ದಿದ್ದು, ಗೊತ್ತಿದ್ದಿದ್ರೆ ಯಾಕೆ ಕರೀತಿದ್ದೆ?

ನವೆಂಬರ್ ಕೊನೇಲಿ ಚಳಿ ಶುರುವಾಯ್ತು. ನಮ್ಮದು ರಾಜಾಜಿನಗರದಲ್ಲಿ ಹಳೇ ಮನೆ, ಮೊಸಾಯಿಕ್ ನೆಲ, ಆ ರೂಮಿಗೆ ಬಿಸಿಲೇ ಬೀಳಲ್ಲ, ರಾತ್ರಿ ರೂಮೊಳಗೇ 19 ಡಿಗ್ರಿ ಆಗ್ತಿತ್ತು. ಈ ಹಾವು ಪಶ್ಚಿಮ ಆಫ್ರಿಕಾದ್ದು, ಘಾನಾ, ಟೋಗೋ, ಬೆನಿನ್ ಕಡೇದು, ಅದಕ್ಕೆ ಟ್ಯಾಂಕಿನ ಒಂದು ಕಡೆ 31-32 ಡಿಗ್ರಿ, ಇನ್ನೊಂದು ಕಡೆ 26ರ ಆಸುಪಾಸು ಇರ್ಬೇಕು, ಬೇಕಾದ ಕಡೆ ಅದೇ ಹೋಗಿ ಮಲಗುತ್ತೆ ಅಂತ ಮಗಳು ಫೋನಲ್ಲಿ ಹೇಳಿದ್ಲು. ಗುಂಡ ಇಲಿ ಮೂಸಿ ಬಿಟ್ಬಿಟ್ಟ, ಎರಡು ವಾರ ತಿನ್ಲಿಲ್ಲ. ಅವ್ಳೇ ನಿಮ್ಮ ನಂಬರ್ ಕಳ್ಸಿದ್ದು. ನೀವು ಫೋನಲ್ಲಿ ಹೇಳಿದ ಮಾತು ಚೆನ್ನಾಗಿ ನೆನಪಿದೆ: ‘ಮೇಡಂ ನೀವೇನೂ ತಲೆ ಕೆಡಿಸ್ಕೋಬೇಡಿ, ನಮ್ಮ ಹುಡುಗ ಬಂದು ಎಲ್ಲ ಮಾಡ್ಕೊಟ್ಟು ಹೋಗ್ತಾನೆ.’

ಹುಡುಗ ಡಿಸೆಂಬರ್ 7ಕ್ಕೆ ಬಂದ. 25 ನಿಮಿಷ ಇದ್ದ, ಅದ್ರಲ್ಲಿ ಹತ್ತು ನಿಮಿಷ ಫೋನಲ್ಲಿ. ಗಾಜಿನ ಟ್ಯಾಂಕ್ ಎತ್ತಿ ಅಡಿಗೆ ಹೀಟ್ ಮ್ಯಾಟ್, ಅಂದ್ರೆ ಕರೆಂಟಲ್ಲಿ ಕಾಯೋ ಚಪ್ಪಟೆ ಶೀಟು, ಅಂಟಿಸ್ದ, ಒಳಗೆ ಮೂರು ಇಂಚು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬ್ದ, ಬಿಸಿ ನೋಡ್ಕೊಂಡು ಮ್ಯಾಟ್ ಆನ್ ಆಫ್ ಮಾಡೋ ಥರ್ಮೋಸ್ಟಾಟ್‌ನ ಗೋಡೆ ಪ್ಲಗ್ಗಿಗೆ ಹಾಕ್ದ, ಅದ್ರ ಪ್ರೋಬನ್ನ, ಅಂದ್ರೆ ಆ ಕಪ್ಪು ವೈರಿನ ತುದೀನ, ನೀರಿನ ಬಟ್ಲು ಇರೋ ಕಡೆ ಗಾಜಿನ ಮೇಲ್ಭಾಗಕ್ಕೆ ಸಕ್ಷನ್ ಕಪ್ಪಲ್ಲಿ ಅಂಟಿಸ್ದ. ‘31ಕ್ಕೆ ಸೆಟ್ ಮಾಡಿದೀನಿ ಆಂಟಿ, ಇನ್ನು ಮುಟ್ಬೇಡಿ’ ಅಂದ. ಕಾಫಿ ಕುಡ್ದು 8,800 ಗೂಗಲ್ ಪೇ ಮಾಡಿಸ್ಕೊಂಡು ಹೋದ. ನಾನೂ ಮುಟ್ಲಿಲ್ಲ.

ಆದ್ರೆ ಡಿಸ್‌ಪ್ಲೇ ನೋಡ್ತಾನೇ ಇದ್ದೆ. 24 ತೋರ್ಸೋದು, 25 ತೋರ್ಸೋದು, ಮಧ್ಯಾಹ್ನ ಒಂದೊಂದ್ಸಲ 26. 31 ಒಂದು ದಿನಾನೂ ಬರ್ಲಿಲ್ಲ. ಕೆಂಪು ಲೈಟ್ ಅಂದ್ರೆ ಮ್ಯಾಟ್ ಆನ್ ಅಂತ ಹುಡುಗ ಹೇಳಿದ್ದ, ಆ ಲೈಟು ಹಗಲೂ ರಾತ್ರಿ ಆರ್ಲೇ ಇಲ್ಲ. 9ನೇ ತಾರೀಖು ಫೋನ್ ಮಾಡ್ದೆ, ಎರಡು ದಿನ ಟೈಮ್ ಕೊಡಿ ಅಂದ. 12ಕ್ಕೆ ಮಾಡ್ದೆ, ಚಳಿ ಜಾಸ್ತಿ ಇದೆಯಲ್ಲ ಅದಕ್ಕೆ ಅಂದ. 15ಕ್ಕೆ ಮಾಡಿದ್ದು ನಿಮಗೇ ಸರ್, ನೀವು ಕೊಟ್ಟ ಸಲಹೆ ಏನು ಗೊತ್ತಾ, ‘34ಕ್ಕೆ ಏರ್ಸಿ ನೋಡಿ ಮೇಡಂ.’ ಏರ್ಸಿದೆ. ಈಗ ಯೋಚ್ನೆ ಮಾಡಿದ್ರೆ ಮೈ ಜುಂ ಅನ್ನುತ್ತೆ.

19ನೇ ತಾರೀಖು ಕ್ಲೀನ್ ಮಾಡೋಕೆ ಗುಂಡನ್ನ ಎತ್ಕೊಂಡೆ. ಹೊಟ್ಟೆ ಕೆಳಗಿನ ಚರ್ಮ ಬೆಳ್ಳಗಿರ್ಬೇಕು, ಒಂದು ಗೇಣುದ್ದ ಕೆಂಪಾಗಿತ್ತು, ನಡುವೆ ಎರಡು ಕಡೆ ಕಂದು ಬಣ್ಣ, ಒಂದು ಕಡೆ ಎಂಟಾಣೆ ಅಗಲ ಗುಳ್ಳೆ ಎದ್ದು ಒಡ್ದಿತ್ತು. ಕೊಕೊಪೀಟ್ ಮೇಲೆ ಕೈ ಇಟ್ರೆ ತಣ್ಣಗೆ, ಅವ್ನು ತೋಡ್ಕೊಂಡು ಮಲಗಿದ್ದ ಗುಂಡಿಗೆ ಬೆರಳು ಹಾಕಿ ಗಾಜು ಮುಟ್ಟಿದ್ರೆ ಬೆರಳು ಹಿಂದಕ್ಕೆ ಬಂತು. ಆಮೇಲೆ ಡಾಕ್ಟರ್ ಹೇಳಿದ ಟೆಂಪರೇಚರ್ ಗನ್ ತರ್ಸಿ ಅದೇ ಜಾಗಕ್ಕೆ ಹಿಡ್ದೆ, 47.6 ಡಿಗ್ರಿ. ಅದೇ ಹೊತ್ತಲ್ಲಿ ನಿಮ್ಮ ಥರ್ಮೋಸ್ಟಾಟ್ ತೋರಿಸ್ತಿದ್ದದ್ದು 25. ಎರಡೂ ಒಂದೇ ಫೋಟೋದಲ್ಲಿವೆ, ಅಟ್ಯಾಚ್ ಮಾಡಿದೀನಿ.

ಏನಾಗಿದೆ ಅಂತ ನನಗೆ ಬಿಡ್ಸಿ ಹೇಳಿದ್ದು ಹಾವು ನೋಡೋ ಡಾಕ್ಟರು, ನೀವಲ್ಲ. ಥರ್ಮೋಸ್ಟಾಟಿಗೆ ಪ್ರೋಬ್ ಇರೋ ಜಾಗದ ಬಿಸಿ ಮಾತ್ರ ಗೊತ್ತಾಗೋದು. ಪ್ರೋಬ್ ತಣ್ಣಗಿರೋ ಮೂಲೇಲಿ, ಗಾಳೀಲಿ ನೇತಾಡ್ತಿದ್ರೆ ಅದು ಪಾಪ ‘ಇನ್ನೂ 31 ಆಗಿಲ್ಲ, ಇನ್ನೂ ಕಾಯ್ಸು’ ಅಂತ ಮ್ಯಾಟ್ ಆನ್ ಮಾಡೇ ಇಡುತ್ತೆ. ಗೀಸರ್ ಸೆನ್ಸರ್ ಕಿತ್ತು ಬಾತ್‌ರೂಮ್ ಕಿಟಕಿಗೆ ಕಟ್ಟಿದ್ರೆ ನೀರು ಕೊತಕೊತ ಕುದಿಯೋದಲ್ದೆ ಇನ್ನೇನಾಗುತ್ತೆ ಹೇಳಿ. ಮ್ಯಾಟ್ ಹಾಕಿದ್ರೆ ಪ್ರೋಬು ಮ್ಯಾಟಿಗೇ ತಾಗಿರ್ಬೇಕು, ಮ್ಯಾಟಿಗೂ ಗಾಜಿಗೂ ಮಧ್ಯೆ, ಅಲ್ಲಿ ಸೆಟ್ ಮಾಡಿ ಒಳಗಿನ ನೆಲದ ಬಿಸೀನ ಬೇರೆ ಮೀಟರಲ್ಲಿ ಚೆಕ್ ಮಾಡ್ಬೇಕು. ಎರಡ್ನೇದು, ಆ ಮೂರು ಇಂಚು ಕೊಕೊಪೀಟು. ಮ್ಯಾಟಿನ ಬಿಸಿ ಅದ್ರ ಅಡೀಲೇ ಸಿಕ್ಕಾಕೊಂಡು ಗಾಜು ಹಂಚಾಗುತ್ತೆ, ಮೇಲಿನ ಗಾಳಿ ತಣ್ಣಗೇ ಇರುತ್ತೆ. ಮ್ಯಾಟು ಗಾಳಿ ಬಿಸಿ ಮಾಡೋ ಸಾಮಾನೇ ಅಲ್ವಂತೆ.

ಮತ್ತೆ ನೀವು ಕೇಳಿದ್ರಲ್ಲ, ‘ಅಷ್ಟು ಬಿಸಿ ಇದ್ರೆ ಹಾವು ಎದ್ದು ಹೋಗ್ತಿರ್ಲಿಲ್ವಾ ಮೇಡಂ’ ಅಂತ. ನಾನೂ ಡಾಕ್ಟರಿಗೆ ಅದೇ ಕೇಳ್ದೆ. ಇಂಥ ಹಾವು ಕಾಡಲ್ಲಿ ಇರೋದು ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ, ಬಿಸಿ ಬೇಕಾದ್ರೆ ಮೇಲೆ ಬರುತ್ತೆ, ನೆಲ ಅಡಿಯಿಂದ ಸುಡೋದು ಅದಕ್ಕೆ ಗೊತ್ತಿರೋ ವಿಷ್ಯ ಅಲ್ಲ, ಸುತ್ತ ಎಲ್ಲಾ ಚಳಿ ಇದ್ದು ಒಂದೇ ಕಡೆ ಬಿಸಿ ಇದ್ರೆ ಅಲ್ಲಿಂದ ಕದಲೋದೇ ಇಲ್ಲ, ಸುಟ್ಟ ಗಾಯ ಇರೋ ಹಾವುಗಳು ಎಷ್ಟೋ ಹಿಂಗೇ ಬರ್ತವೆ ಅಂದ್ರು. ಹಾವಿನ ಅಂಗಡಿ ಇಟ್ಟಿರೋರಿಗೆ ಇದು ನನಗಿಂತ ಮೊದ್ಲು ಗೊತ್ತಿರ್ಬೇಕಿತ್ತು. (ಹುತ್ತದ ವಿಷ್ಯ ಕೇಳಿದ್ಮೇಲೆ ನಮ್ಮತ್ತೆ, ಹಾಗಾದ್ರೆ ನಮ್ಮ ನಾಗಪ್ಪನ ನೆಂಟನೇ, ನಮ್ಮನೇಲಿ ಅವನ ಮೈ ಸುಟ್ಟಿದೆ, ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸ್ಬೇಕು ಅಂತ ಕೂತಿದಾರೆ. ಆ ಖರ್ಚನ್ನ ನಿಮ್ಮ ಬಿಲ್ಲಿಗೆ ಸೇರ್ಸಿಲ್ಲ, ಸಮಾಧಾನವಾಗಿರಿ.)

ಫೋಟೋ ಸಮೇತ ಕಂಪ್ಲೇಂಟ್ ಮಾಡಿದಾಗ ನಿಮ್ಮಿಂದ ಫೋನಲ್ಲಿ ಬಂದ ಉತ್ತರಗಳು ಮೂರು. ಒಂದು, ಪ್ರೋಬ್ ನೀವೇ ಕಿತ್ತು ಜಾಗ ಬದ್ಲಾಯ್ಸಿರ್ತೀರ ಅಂತ. ಹುಡುಗ ಇನ್ನೂ ಶೂ ಹಾಕ್ಕೊಳ್ತಿರೋವಾಗ್ಲೇ ನಾನು ಟ್ಯಾಂಕಿನ ಫೋಟೋ ತೆಗ್ದು ಮಗಳಿಗೆ ಕಳ್ಸಿದ್ದೆ, 7ನೇ ತಾರೀಖು ಸಂಜೆ 4:12, ಪ್ರೋಬ್ ಎಲ್ಲಿದೆ ಅಂತ ಅದ್ರಲ್ಲೇ ಕಾಣುತ್ತೆ, ಮೂಲೇಲಿ ಹುಡುಗನ ಬ್ಯಾಗೂ ಕಾಣುತ್ತೆ. ಎರಡು, ಬಿಸಿ ಬೇಕು ಅಂದೋರು ನೀವೇ ಅಲ್ವಾ ಅಂತ. ಇದಕ್ಕೆ ನಾನು ಏನೂ ಬರೆಯಲ್ಲ. ಮೂರನೇದು ನಿಮ್ಮ ಹುಡುಗ ಹೇಳಿದ್ದು, ‘ಹಾವು ಸಾಕೋದೇ ಇಲ್ಲೀಗಲ್ ಆಂಟಿ, ಕಂಪ್ಲೇಂಟ್ ಗಿಂಪ್ಲೇಂಟ್ ಅಂತ ಹೋದ್ರೆ ನಿಮಗೇ ಪ್ರಾಬ್ಲಂ.’ ಇದು ಬೆದರಿಕೆನಾ? ನಮ್ಮೂರ ನಾಗರಹಾವೋ ಕೇರೆಹಾವೋ ಹಿಡ್ಕೊಂಡು ಬಂದು ಇಟ್ಕೊಂಡ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಅಪರಾಧ, ಹೌದು. ಗುಂಡ ವಿದೇಶಿ ಜಾತಿ, ಮಗಳು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸಿದಾಳೆ, ಸರ್ಟಿಫಿಕೇಟ್ ಫೈಲಲ್ಲಿದೆ. ಹಾವಿನ ಸಾಮಾನು ಮಾರಿ ಬದುಕೋರು ಗಿರಾಕಿಗೇ ಇಲ್ಲೀಗಲ್ ಅನ್ನೋದು ಕೇಳಿ ನಮ್ಮನೆಯವ್ರು ಅರ್ಧ ಗಂಟೆ ನಕ್ರು.

ಇಷ್ಟಾದ್ಮೇಲೆ ಡಿಸೆಂಬರ್ 27ಕ್ಕೆ ನಿಮ್ಮಿಂದ ಕೊರಿಯರ್ ಬಂತು, ಹೊಸ ಮ್ಯಾಟು, ಫ್ರೀ ರಿಪ್ಲೇಸ್‌ಮೆಂಟ್ ಅಂತ ಚೀಟಿ. ಪಿನ್ ಚಪ್ಪಟೆ ಇತ್ತು, ಜೊತೆಗೆ ನಮ್ಮ ಪ್ಲಗ್ಗಿಗೆ ಆಗೋ ಥರ ಒಂದು ಅಡಾಪ್ಟರ್. ಅಷ್ಟೊತ್ತಿಗೆ ನನಗೆ ಸ್ವಲ್ಪ ಬುದ್ಧಿ ಬಂದಿತ್ತು, ಕನ್ನಡಕ ಹಾಕ್ಕೊಂಡು ಹಿಂದಿನ ಲೇಬಲ್ ಓದ್ದೆ: 110 ವೋಲ್ಟ್, 16 ವಾಟ್. ನಮ್ಮ ಭಾವ ಕೆಪಿಟಿಸಿಎಲ್‌ನಲ್ಲಿದ್ದು ರಿಟೈರ್ ಆದೋರು, ಪಕ್ಕದ ಬೀದೀಲೇ ಇದಾರೆ, ಕರ್ದು ತೋರ್ಸಿದೆ. ಅವ್ರು ಪೆನ್ನು ತಗೊಂಡು ನಿಮ್ಮ ಡಬ್ಬದ ಮೇಲೇ ಲೆಕ್ಕ ಹಾಕಿದ್ರು. ನಮ್ಮನೆ ಕರೆಂಟು 230 ವೋಲ್ಟ್, ಅಂದ್ರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ವೋಲ್ಟ್ ಎರಡು ಪಟ್ಟಾದ್ರೆ ಮ್ಯಾಟಲ್ಲಿ ಹರಿಯೋ ಕರೆಂಟೂ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. 16 ವಾಟಿಂದು 70 ವಾಟ್ ಆಗಿ ಕಾಯುತ್ತೆ, ಅಲ್ಲೀವರ್ಗೂ ಸುಟ್ಟು ಹೋಗ್ದೇ ಇದ್ರೆ. ಅಡಾಪ್ಟರ್ ಪಿನ್ನಿನ ಆಕಾರ ಬದ್ಲಾಯ್ಸುತ್ತೆ ಅಷ್ಟೇ, ವೋಲ್ಟೇಜ್ ಇಳ್ಸಲ್ಲ, ಇದನ್ನ ಹಾಕಿದ್ದಿದ್ರೆ ಹಾವಲ್ಲ ಮನೆಗೇ ಬೆಂಕಿ ಬೀಳ್ತಿತ್ತು ತಾಯಿ ಅಂದ್ರು ಭಾವ. ಸರ್, ಅಂಗಡೀಲಿ ಇಂಥವು ಇನ್ನೆಷ್ಟಿವೆ? ಎಷ್ಟು ಜನಕ್ಕೆ ಕೊಟ್ಟಿದೀರ? ಮೊದ್ಲನೇದು ಗೊತ್ತಿಲ್ದೆ ಮಾಡಿದ ತಪ್ಪು ಅಂತ ಒಪ್ಕೋಬಹುದು, ಇದನ್ನ ಹೆಂಗೆ ಒಪ್ಕೊಳ್ಲಿ.

ನಿಮ್ಮ ಸೆಟಪ್ ಪೂರ್ತಿ ಕಿತ್ತು ಹಾಕಿದೀನಿ. ಈಗ ಹೆಂಗಿದೆ ಅಂತ ಬರೀತೀನಿ, ಬೇಕಾದ್ರೆ ನಿಮ್ಮ ಹುಡುಗನಿಗೆ ತೋರ್ಸಿ. 100 ವಾಟ್ ಸೆರಾಮಿಕ್ ಹೀಟರು, ಅದು ಬೆಳಕು ಕೊಡಲ್ಲ ಬಿಸಿ ಮಾತ್ರ ಕೊಡುತ್ತೆ, ಹಾಗಾಗಿ ರಾತ್ರೀನೂ ಹಾಕ್ಬಹುದು. ಹೋಲ್ಡರ್ ಪಿಂಗಾಣೀದು, ಪ್ಲಾಸ್ಟಿಕ್ಕಿನದಾದ್ರೆ ಕರಗುತ್ತೆ. ಸುತ್ತ ತಂತಿ ಗೂಡು, ಇಲ್ದಿದ್ರೆ ಗುಂಡ ಹತ್ತಿ ಅದಕ್ಕೇ ಸುತ್ಕೋತಾನೆ. ಪ್ರೋಬು ಹೀಟರ್ ಕೆಳಗೆ ಅವ್ನು ಮಲಗೋ ಎತ್ತರದಲ್ಲಿ, ವೈರನ್ನ ಅವ್ನು ಎಳೀದ ಹಾಗೆ ಬಿಗಿ ಮಾಡಿ ಕಟ್ಟಿದೆ. ಟ್ಯಾಂಕಿನ ಮೇಲ್ಗಡೆ ಜಾಲರಿ ಮುಚ್ಚಳದಿಂದ ಬಿಸಿಯೆಲ್ಲ ಹಾರಿ ಹೋಗುತ್ತೆ ಅಂತ ಮುಕ್ಕಾಲು ಭಾಗ ಅಕ್ರಿಲಿಕ್ ಶೀಟ್ ಮುಚ್ಚಿದೀನಿ, ಹೊರಗಡೆ ಮೂರು ಬದಿಗೆ ಥರ್ಮೋಕೋಲ್, ಅದು ಟಿವಿ ಬಂದಿದ್ದ ಡಬ್ಬದ್ದು. ಬಿಸಿ ಕಡೆ ಒಂದು, ತಂಪು ಕಡೆ ಒಂದು ಅಡಗೋಕೆ ಗೂಡು, ಎರಡೂ ಕಡೆ ಬೇರೆ ಬೇರೆ ಡಿಜಿಟಲ್ ಮೀಟರ್. ಇವತ್ತು ಬೆಳಿಗ್ಗೆ 32 ಮತ್ತು 26 ಇತ್ತು. ಕರೆಂಟ್ ಹೋದ್ರೆ ಬಾಟ್ಲಿಗೆ ಬಿಸ್ನೀರು ತುಂಬಿ ಟವಲ್ ಸುತ್ತಿ ಒಳಗಿಡ್ತೀನಿ. ಇಷ್ಟಕ್ಕೆಲ್ಲ ನನಗೆ ಒಂದು ಭಾನುವಾರ ಸಾಕಾಯ್ತು. ಹಾವಿನ ಹೆಸ್ರು ಕೇಳಿದ್ರೆ ಮಂಚ ಹತ್ತುತಿದ್ದ ಹೆಂಗಸು ನಾನು.

ಗುಂಡ ಈಗ ಕೊಕೊಪೀಟಿಲ್ದೆ ಪೇಪರ್ ಮೇಲೆ ಇದಾನೆ, ಗಾಯಕ್ಕೆ ಅಂಟಬಾರ್ದು ಅಂತ. ದಿನಕ್ಕೊಂದ್ಸಲ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ತೀನಿ. ಎರಡು ಮೂರು ಸಲ ಪೊರೆ ಬಿಟ್ಮೇಲೆ ಸರಿ ಹೋಗ್ಬಹುದು, ಕಲೆ ಉಳಿದ್ರೂ ಉಳೀಬಹುದು ಅಂದಿದಾರೆ ಡಾಕ್ಟರ್. ಇನ್ನೂ ಇಲಿ ಮುಟ್ಟಿಲ್ಲ. ಮಗಳಿಗೆ ವಿಡಿಯೋ ಕಾಲಲ್ಲಿ ಗಾಯ ತೋರ್ಸಿದಾಗ ಅವ್ಳು ಒಂದು ಮಾತೂ ಆಡ್ಲಿಲ್ಲ, ಅದೇ ನನಗೆ ಜಾಸ್ತಿ ಕಷ್ಟ ಆಗಿದ್ದು.

ನನಗೆ ಬೇಕಾಗಿರೋದು ಇಷ್ಟು. ಸೆಟಪ್ಪಿಗೆ ಕೊಟ್ಟ 8,800 ಪೂರ್ತಿ ವಾಪಸ್. ಡಾಕ್ಟರ್ ಫೀಸು ಮೂರು ಸಲ, ಮುಲಾಮು ಸೇರಿ 4,150, ಬಿಲ್‌ಗಳು ಅಟ್ಯಾಚ್ ಇವೆ. ಒಟ್ಟು 12,950 ರೂಪಾಯಿ. ಆ 110 ವೋಲ್ಟ್ ಮ್ಯಾಟ್ ತಗೊಂಡು ಹೋಗಿ, ಬೇರೆಯವ್ರಿಗೆ ಮಾರ್ಬೇಡಿ, ಈಗಾಗ್ಲೇ ತಗೊಂಡಿರೋರಿಗೆ ಫೋನ್ ಮಾಡಿ ಇವತ್ತೇ ಪ್ಲಗ್ ಕೀಳೋಕೆ ಹೇಳಿ. ಹುಡುಗನ್ನ ಕೆಲ್ಸದಿಂದ ತೆಗೀರಿ ಅಂತ ನಾನು ಹೇಳ್ತಿಲ್ಲ, ಅವ್ನಿಗೆ ಯಾರೂ ಹೇಳ್ಕೊಟ್ಟಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ, ಪ್ರೋಬ್ ಎಲ್ಲಿಡ್ಬೇಕು ಅಂತ ಕಲ್ಸಿ, ಮತ್ತೆ ಹೊರಡೋ ಮುಂಚೆ ಟೆಂಪರೇಚರ್ ಗನ್ ಹಿಡ್ದು ನೆಲ ಎಷ್ಟಿದೆ ಅಂತ ಗಿರಾಕಿಗೆ ತೋರ್ಸಿ ಹೋಗೋಕೆ ಹೇಳಿ.

ಇದು ತಲುಪಿ 15 ದಿನದೊಳಗೆ ದುಡ್ಡು ಬರ್ಲಿಲ್ಲ ಅಂದ್ರೆ 1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ ದೂರು ಕೊಡ್ತೀನಿ. ಅಲ್ಲೂ ಆಗ್ಲಿಲ್ಲ ಅಂದ್ರೆ 2019ರ ಗ್ರಾಹಕರ ಕಾಯ್ದೆ ಪ್ರಕಾರ ಜಿಲ್ಲಾ ಆಯೋಗಕ್ಕೆ, 5 ಲಕ್ಷದವರ್ಗೂ ಅಲ್ಲಿ ಫೀಸೂ ಇಲ್ಲ, ವಕೀಲರನ್ನ ಇಡ್ಲೇಬೇಕು ಅಂತಾನೂ ಇಲ್ಲ. ಭಾವ ರಿಟೈರ್ ಆಗಿ ಮನೇಲೇ ಇದಾರೆ, ಇಂಥ ಕೆಲ್ಸ ಅಂದ್ರೆ ಅವ್ರಿಗೆ ಹಬ್ಬ.

ಮ್ಯಾಟ್ ತಗೊಳೋಕೆ ಯಾರಾದ್ರೂ ಬರೋದಾದ್ರೆ ಸಂಜೆ ಐದರ ಮೇಲೆ ಬರ್ಲಿ, ಮಧ್ಯಾಹ್ನ ಅತ್ತೆ ಮಲಗಿರ್ತಾರೆ. ಡಬ್ಬದ ಮೇಲೆ ಭಾವ ಹಾಕಿರೋ ಲೆಕ್ಕ ಹಾಗೇ ಇದೆ, ಅಳ್ಸಿಲ್ಲ.

ಇಂತಿ,
ನಿಮ್ಮ ಗಿರಾಕಿ
ರಾಜಾಜಿನಗರ, ಬೆಂಗಳೂರು

ಲಗತ್ತು: 7ನೇ ತಾರೀಖಿನ ಟ್ಯಾಂಕ್ ಫೋಟೋ, ಟೆಂಪರೇಚರ್ ಗನ್ ಫೋಟೋ, ಗಾಯದ ಫೋಟೋ ನಾಲ್ಕು, 110 ವೋಲ್ಟ್ ಲೇಬಲ್ ಫೋಟೋ, ಗೂಗಲ್ ಪೇ ರಸೀದಿ, ಡಾಕ್ಟರ್ ಬಿಲ್ ಮೂರು