ಆರ್ಚ್ ಹಾಕಿದವರೇ ಜಾಣರು ಅಂತ ಯಾರು ಹೇಳಿದ್ದು?

ಸಂಪಾದಕರಿಗೆ ನಮಸ್ಕಾರ.

ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಬಗ್ಗೆ ಎಲ್ಲಿ ಬರಹ ಬಂದರೂ ಅದರಲ್ಲಿ ಒಂದು ಏಣಿ ಇದ್ದೇ ಇರುತ್ತದೆ. ಮೊದಲು ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳಿ, ಕೈ ಪಳಗಿದ ಮೇಲೆ ಆರ್ಚ್‌ಗೆ ಹೋಗಿ, ಧೈರ್ಯ ಇದ್ದರೆ ಆಮೇಲೆ ಜೆಂಟೂ. ಇವೆಲ್ಲ ಲಿನಕ್ಸಿನದೇ ಬೇರೆ ಬೇರೆ ರೂಪಗಳು, ಡಿಸ್ಟ್ರೋ ಅನ್ನುತ್ತಾರೆ. ಒಂದನೇ ಕ್ಲಾಸು ಪಾಸಾದರೆ ಎರಡನೇ ಕ್ಲಾಸು ಅನ್ನೋ ಹಾಗೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಷ್ಟೋ ಹಳೇ ಕಂಪ್ಯೂಟರ್‌ಗಳು ವಿಂಡೋಸ್ 11ರ ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ನಿಮ್ಮ ಓದುಗರಲ್ಲೂ ಲಿನಕ್ಸ್ ಕಡೆ ಕಣ್ಣು ಹಾಯಿಸುತ್ತಿರುವವರು ಇದ್ದೇ ಇರುತ್ತಾರೆ. ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಆ ಏಣಿ ಸುಳ್ಳು.

ನಾನು ಎರಡನ್ನೂ ಬಳಸುತ್ತೇನೆ. ಕೆಲಸದ ಕಂಪ್ಯೂಟರಿನಲ್ಲಿ ಮಿಂಟ್, ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಆರ್ಚ್. ಎರಡರ ಹೊಟ್ಟೆಯಲ್ಲೂ ಇರುವುದು 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಅದೇ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು. ಅದೇ ಫೈರ್‌ಫಾಕ್ಸ್, ಅದೇ ಲಿಬ್ರೆ ಆಫೀಸ್. ವ್ಯತ್ಯಾಸ ಎಲ್ಲಿ ಅಂದರೆ, ತೀರ್ಮಾನ ಯಾರದ್ದು ಅನ್ನುವಲ್ಲಿ. ಡೆಸ್ಕ್‌ಟಾಪ್ ಯಾವುದು, ವೈಫೈ ನೋಡಿಕೊಳ್ಳುವ ಪ್ರೋಗ್ರಾಂ ಯಾವುದು ಅಂತೆಲ್ಲ ಮಿಂಟ್‌ನವರು ಮೊದಲೇ ಗೊತ್ತು ಮಾಡಿ ಇಟ್ಟಿರುತ್ತಾರೆ. ಆರ್ಚ್‌ನವರು ಅದನ್ನೆಲ್ಲ ನಿಮಗೇ ಬಿಡುತ್ತಾರೆ. ಅಷ್ಟೇ.

ಅಷ್ಟೇ ಅಂತ ಬರೆಯುವುದು ಸುಲಭ. ನಾನು ಮೊದಲ ಸಲ ಆರ್ಚ್ ಹಾಕಿದಾಗ, ಪ್ರಶ್ನೆ ಕೇಳುತ್ತಾ ತಾನೇ ಇನ್‌ಸ್ಟಾಲ್ ಮಾಡಿಕೊಡುವ ಆರ್ಚ್‌ಇನ್‌ಸ್ಟಾಲ್ ಇನ್ನೂ ಬಂದಿರಲಿಲ್ಲ, ಅದು ಬಂದದ್ದು 2021ರಲ್ಲಿ. ಒಂದೊಂದೇ ಕಮಾಂಡ್ ಹೊಡೆದು ಪಾರ್ಟಿಷನ್ ಮಾಡಿದೆ, ಫಾರ್ಮ್ಯಾಟ್ ಮಾಡಿದೆ, ಕರ್ನಲ್ ಹಾಕಿದೆ, ಕಂಪ್ಯೂಟರ್ ಆನ್ ಆದಾಗ ಸಿಸ್ಟಮ್ ಶುರು ಮಾಡುವ ಗ್ರಬ್ ಹಾಕಿದೆ, ಪಾಸ್‌ವರ್ಡ್ ಇಟ್ಟೆ. ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದೆ. ಕಪ್ಪು ಸ್ಕ್ರೀನಿನ ಮೇಲೆ ಲಾಗಿನ್ ಅಂತ ಒಂದು ಸಾಲು ಬಂತು ನೋಡಿ, ಗೆದ್ದೆ ಅಂದುಕೊಂಡೆ. ಇನ್ನು ಡೆಸ್ಕ್‌ಟಾಪ್ ಇಳಿಸಿಕೊಳ್ಳೋಣ ಅಂತ ಹೋದರೆ ನೆಟ್ ಇಲ್ಲ! ಹತ್ತು ನಿಮಿಷದ ಹಿಂದೆ ಇದೇ ಲ್ಯಾಪ್‌ಟಾಪಿನಲ್ಲಿ ವೈಫೈ ಚೆನ್ನಾಗಿ ನಡೆಯುತ್ತಿತ್ತು. ಅದೇ ಕಮಾಂಡ್ ಹೊಡೆದರೆ, ಅಂಥ ಕಮಾಂಡೇ ಇಲ್ಲ ಅನ್ನುತ್ತಿದೆ.

ಆಮೇಲೆ ಹೊಳೆಯಿತು. ವೈಫೈ ಇದ್ದದ್ದು ಪೆನ್‌ಡ್ರೈವ್‌ನಲ್ಲಿದ್ದ ಸಿಸ್ಟಮ್‌ಗೆ. ಡಿಸ್ಕಿನಲ್ಲಿ ನಾನು ಕೂರಿಸಿದ ಸಿಸ್ಟಮ್ ಬೇರೆ, ಅದಕ್ಕೆ ನೆಟ್‌ವರ್ಕ್ ಪ್ರೋಗ್ರಾಂ ಹಾಕುವುದನ್ನೇ ಮರೆತಿದ್ದೆ. ಹಾಕೋಣ ಅಂದರೆ ಅದನ್ನು ಇಳಿಸಿಕೊಳ್ಳಲೂ ನೆಟ್ ಬೇಕು. ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಕಥೆ. ಮೊಬೈಲಿನಲ್ಲಿ ಆರ್ಚ್‌ನವರ ಸಹಾಯ ಪುಟಗಳಾದ ಆರ್ಚ್ ವಿಕಿ ತೆಗೆದು ಓದಿ, ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡಿ, ಆರ್ಚ್‌ಕ್ರೂಟ್ ಕಮಾಂಡ್‌ನಿಂದ ಒಳಗೆ ಹೋಗಿ, ನೆಟ್‌ವರ್ಕ್‌ಮ್ಯಾನೇಜರ್ ಹಾಕಿ, ಬೂಟ್ ಆದಾಗ ತಾನೇ ಶುರುವಾಗುವಂತೆ ಮಾಡಿ ಹೊರಗೆ ಬರುವಷ್ಟರಲ್ಲಿ ರಾತ್ರಿ ಒಂದು ಗಂಟೆ.

ಅವತ್ತು ಕಲಿತದ್ದು ಈಗಲೂ ಮರೆತಿಲ್ಲ, ನಿಜ. ಎಲ್ಲವನ್ನೂ ತಾನೇ ಮಾಡಿಕೊಡುವ ಮಿಂಟ್ ಅದನ್ನು ನನಗೆ ಯಾವತ್ತೂ ಕಲಿಸುತ್ತಿರಲಿಲ್ಲ. ಆದರೆ ನನ್ನ ಹತ್ತಿರ ಅದೊಂದೇ ಕಂಪ್ಯೂಟರ್ ಇದ್ದು, ಬೆಳಗ್ಗೆ ಯಾರಿಗಾದರೂ ಫೈಲ್ ಕಳಿಸಬೇಕಿದ್ದಿದ್ದರೆ? ಕಲಿಕೆಯೂ ಬೇಡ ಏನೂ ಬೇಡ ಅಂತ ಬೈದುಕೊಂಡು ಮಲಗುತ್ತಿದ್ದೆ.

ಹಾಗಾಗಿ ಯಾರಾದರೂ ಯಾವ ಡಿಸ್ಟ್ರೋ ಹಾಕಲಿ ಅಂತ ಕೇಳಿದರೆ, ನಿನಗೆ ಕಂಪ್ಯೂಟರ್ ಎಷ್ಟು ಗೊತ್ತು ಅಂತ ನಾನು ಕೇಳುವುದಿಲ್ಲ. ಇದು ಕೈಕೊಟ್ಟ ದಿನ ನಿನ್ನ ಹತ್ತಿರ ಇನ್ನೊಂದು ಕಂಪ್ಯೂಟರ್ ಇರುತ್ತಾ, ಕೂತು ನೋಡಲು ಒಂದು ಸಂಜೆ ಬಿಡುವು ಇರುತ್ತಾ ಅಂತ ಕೇಳುತ್ತೇನೆ. ಎರಡೂ ಇದ್ದರೆ, ಓದುವ ತಾಳ್ಮೆಯೂ ಇದ್ದರೆ, ಹೊಸಬರು ನೇರ ಆರ್ಚ್ ಹಾಕಿದರೂ ತಪ್ಪೇನಿಲ್ಲ. ಇಲ್ಲದಿದ್ದರೆ ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದವರಿಗೂ ಮಿಂಟೇ ಸರಿ. ಟೊರ್ವಾಲ್ಡ್ಸ್ ಅವರೇ ಬಳಸುವುದು ಫೆಡೋರಾ ಅನ್ನುವ ಇನ್ನೊಂದು ಡಿಸ್ಟ್ರೋ, ಇನ್‌ಸ್ಟಾಲ್ ಮಾಡಲು ಒದ್ದಾಟ ಇರಬಾರದು ಅನ್ನುವವರು ಅವರು. ಕರ್ನಲ್ ಬರೆದವರಿಗೆ ಇಲ್ಲದ ಸಂಕೋಚ ನಮಗ್ಯಾಕೆ ಅಲ್ವಾ?

ಅಪ್‌ಡೇಟ್ ವಿಷಯವನ್ನು ಇಂಥ ಬರಹಗಳಲ್ಲಿ ಸುಮ್ನೆ ದಾಟಿಬಿಡುತ್ತಾರೆ. ದಿನಾ ತಟ್ಟುವುದು ಅದೇ, ಇನ್‌ಸ್ಟಾಲ್ ಒಂದು ದಿನದ್ದು. ಉಬುಂಟು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಎಲ್‌ಟಿಎಸ್, ಅಂದರೆ ದೀರ್ಘ ಕಾಲ ಬೆಂಬಲ ಇರುವ ಆವೃತ್ತಿ ಬಿಡುತ್ತದೆ, ಅದಕ್ಕೆ 5 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಮಿಂಟ್ ನಿಂತಿರುವುದೂ ಅದರ ಮೇಲೆಯೇ. ಸಾಫ್ಟ್‌ವೇರ್ ಸ್ವಲ್ಪ ಹಳೇದಿರುತ್ತದೆ, ಆದರೆ ನಿನ್ನೆ ಇದ್ದಂತೆಯೇ ಇವತ್ತೂ ಇರುತ್ತದೆ. ಆರ್ಚ್ ಹಾಗಲ್ಲ, ಅದು ರೋಲಿಂಗ್ ರಿಲೀಸ್. ಹೊಸದು ಬರುತ್ತಲೇ ಇರುತ್ತದೆ. ಅಪ್‌ಡೇಟ್ ಮಾಡುವ ಮೊದಲು ಅವರ ಮುಖಪುಟದ ಸೂಚನೆ ಓದಬೇಕು, ಕೆಲವು ಸಲ ಕೈಯಾರೆ ಏನಾದರೂ ಬದಲಿಸಬೇಕಾಗುತ್ತದೆ. ಮಾಡಿದರೆ ಇಡೀ ಸಿಸ್ಟಮ್ ಅಪ್‌ಡೇಟ್ ಮಾಡಬೇಕು, ಬೇಕಾದ ಒಂದೆರಡನ್ನು ಮಾತ್ರ ಹೊಸದು ಮಾಡಿ ಉಳಿದದ್ದನ್ನು ಹಳೇದೇ ಬಿಟ್ಟರೆ ಯಾವುದೋ ಒಂದು ಮುರಿದು ಕೂರುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಇಡುವವರಿಗೆ ಇದು ಆಗಿಬರುವುದಿಲ್ಲ.

ಜೆಂಟೂ ಬಗ್ಗೆ ಜಾಸ್ತಿ ಹೇಳಲ್ಲ. ಸೋರ್ಸ್ ಕೋಡ್‌ನಿಂದ ಎಲ್ಲವನ್ನೂ ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡುವುದು, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಿಸುವುದು ಅದರ ರೂಢಿ, ಹಳೇ ಯಂತ್ರದಲ್ಲಿ ಒಂದು ಬ್ರೌಸರ್‌ಗೇ ಗಂಟೆಗಟ್ಟಲೆ ಹಿಡಿಯುತ್ತದೆ. 2023ರ ಕೊನೆಯಿಂದ ಸಿದ್ಧ ಪ್ಯಾಕೇಜ್‌ಗಳನ್ನೂ ಕೊಡುತ್ತಿದ್ದಾರೆ, ಒಳ್ಳೇದಾಯಿತು.

ಕಲಿಯುವ ಆಸೆ ಇದೆ, ಆದರೆ ಇರುವುದು ಒಂದೇ ಕಂಪ್ಯೂಟರ್ ಅನ್ನುವವರು ಮಿಂಟ್ ಹಾಕಿ, ಅದರೊಳಗೆ ಕಂಪ್ಯೂಟರಿನೊಳಗೊಂದು ನಕಲಿ ಕಂಪ್ಯೂಟರ್ ಮಾಡಿಕೊಡುವ ವರ್ಚುವಲ್‌ಬಾಕ್ಸ್‌ನಲ್ಲಿ ಆರ್ಚ್ ಹಾಕಿ ನೋಡಬಹುದು. ಹತ್ತು ಸಲ ಕೆಡಿಸಿ, ಹನ್ನೊಂದನೇ ಸಲ ಅಳಿಸಿ ಹೊಸದಾಗಿ ಮಾಡಿ, ಯಾರಿಗೂ ನಷ್ಟ ಇಲ್ಲ. ಮಿಂಟ್‌ನಲ್ಲೂ ಕಮಾಂಡ್ ಹೊಡೆಯುವ ಟರ್ಮಿನಲ್ ಇದೆ ಅನ್ನುವುದನ್ನು ಯಾಕೋ ಯಾರೂ ಹೇಳುವುದಿಲ್ಲ. ಆರ್ಚ್ ವಿಕಿಯಲ್ಲಿರುವ ಎಷ್ಟೋ ಪಾಠ ಅಲ್ಲೂ ನಡೆಯುತ್ತದೆ. ಮತ್ತೆ, ಏನೇ ಹಾಕುವ ಮೊದಲು ಫೋಟೋ, ಫೈಲ್‌ಗಳ ಬ್ಯಾಕಪ್ ಬೇರೆ ಡಿಸ್ಕಿಗೆ ತೆಗೆಯಿರಿ. ಪಾರ್ಟಿಷನ್ ಮಾಡುವಾಗ ಕೈ ತಪ್ಪಿದರೆ ಎಲ್ಲ ಹೋಗುತ್ತದೆ.

ಅಕ್ಕನ ಹಳೇ ಲ್ಯಾಪ್‌ಟಾಪಿಗೆ ನಾನು ಹಾಕಿಕೊಟ್ಟದ್ದು ಮಿಂಟ್. ಅಪ್‌ಡೇಟ್ ಮಾಡಿ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲಿ ಅಂತ ಟೈಮ್‌ಶಿಫ್ಟ್ ಕೂಡ ಸೆಟ್ ಮಾಡಿದ್ದೆ, ಇದುವರೆಗೆ ಅದರ ಅಗತ್ಯ ಬಿದ್ದಿಲ್ಲ. ದಿನವಿಡೀ ಲೆಕ್ಕಪತ್ರ ನೋಡುವವಳು ಅವಳು, ಅವಳನ್ನು ಕಂಪ್ಯೂಟರಿಗೆ ಹೊಸಬಳು ಅಂದರೆ ನಗುತ್ತಾಳೆ. ಮೊನ್ನೆ ಫೋನ್ ಮಾಡಿದ್ದಳು. "ಅದೇನೋ ಅಪ್‌ಡೇಟ್ ಅಂತ ಕೇಳ್ತಿದೆ ಕಣೋ, ಒತ್ತಲಾ?"

"ಒತ್ತಕ್ಕ" ಅಂದೆ. ನಾನು ಆಗ ಆರ್ಚ್ ಲ್ಯಾಪ್‌ಟಾಪ್ ಮುಂದೆ, ಅಪ್‌ಡೇಟ್ ಮಾಡುವ ಮೊದಲು ಸೂಚನೆ ಓದುತ್ತಾ ಕೂತಿದ್ದೆ.

ಇಂತಿ,
ನಿಮ್ಮ ಓದುಗ