ಭಾನುವಾರದ ಓದು: ರೈಲ್ವೆ ಮುಷ್ಕರದ ತೀರ್ಪುಗಳು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಬಳ್ಳಾರಿ ಕೌಲ್ ಬಜಾರಿನ ನಮ್ಮ ಕೊಠಡಿಯಲ್ಲಿ ಸೇರೋಣ. ರೈಲ್ವೆ ನೌಕರರು, ನಿವೃತ್ತರು, ಗುತ್ತಿಗೆ ಕೆಲಸಗಾರರು ಎಲ್ಲರೂ ಬನ್ನಿ. ಹೊಸಪೇಟೆ ಕಡೆಯವರಿಗಾಗಿ ಹತ್ತೂಕಾಲರವರೆಗೆ ಕಾಯುತ್ತೇವೆ, ಅದರಾಚೆ ಇಲ್ಲ.

‘ಮುಷ್ಕರ ಮೂಲಭೂತ ಹಕ್ಕು’ ಎಂಬ ಸಂದೇಶವನ್ನು ದಯವಿಟ್ಟು ಮತ್ತೆ ಹಂಚಬೇಡಿ. ಸಂಘ ಕಟ್ಟುವ ಹಕ್ಕಿನಲ್ಲಿ ಮುಷ್ಕರದ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. 2003ರ ರಂಗರಾಜನ್ ತೀರ್ಪು ಸರ್ಕಾರಿ ನೌಕರರ ವಿಷಯದಲ್ಲಿ ಇನ್ನೂ ಕಟುವಾಗಿದೆ, ನನಗಂತೂ ಅತಿಯೆನಿಸಿತು.

ಹೆಚ್ಚು ಹೊತ್ತು ತೆಗೆದುಕೊಳ್ಳುವುದು 1985ರ ತುಳಸಿರಾಮ್ ಪಟೇಲ್ ಪ್ರಕರಣ. ಲೋಕೋ (ರೈಲು ಎಂಜಿನ್ ಓಡಿಸುವ) ಸಿಬ್ಬಂದಿಯ ಮುಷ್ಕರದಲ್ಲಿ ವಿಚಾರಣೆಯಿಲ್ಲದೆ ವಜಾಗೊಂಡ ರೈಲ್ವೆ ನೌಕರರ ಅಹವಾಲೂ ಅದರಲ್ಲಿತ್ತು. ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲದಿದ್ದರೆ ಹಾಗೆ ವಜಾ ಮಾಡಬಹುದೆಂದು ನ್ಯಾಯಮೂರ್ತಿಗಳ ಬಹುಮತ ಒಪ್ಪಿತು. ಆದರೆ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಲೇಬೇಕು. ಇಲ್ಲವಾದರೆ ಆದೇಶ ಅಸಿಂಧು. ಮೇಲ್ಮನವಿಯ ದಾರಿಯೂ ತೆರೆದಿರುತ್ತದೆ. ನ್ಯಾಯಮೂರ್ತಿ ಠಕ್ಕರ್ ಅವರ ಭಿನ್ನಮತವನ್ನೂ ಓದಿಸುತ್ತೇನೆ.

ಮುಷ್ಕರದ ದಿನಗಳ ಸಂಬಳದ ಪ್ರಶ್ನೆಗೆ 1994ರ ಉಮೇಶ್ ನಾಯಕ್ ತೀರ್ಪೇ ಉತ್ತರ: ಸಂಬಳ ಸಿಗಬೇಕಾದರೆ ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ಸಮರ್ಥನೀಯವೂ ಆಗಿರಬೇಕು.

ನಿಮ್ಮ ಬಳಿ ವಜಾ ಅಥವಾ ಅಮಾನತು ಆದೇಶವಿದ್ದರೆ ಪ್ರತಿ ತನ್ನಿ; ಹೆಸರು, ನೌಕರಿ ಸಂಖ್ಯೆ ಮುಚ್ಚಿರಿ. ಆದರೆ ಅದನ್ನು ಈ ಗುಂಪಿನಲ್ಲಿ ಹಾಕಬೇಡಿ. ಜೆರಾಕ್ಸ್ ಎಷ್ಟು ಬೇಕೆಂದು ತಿಳಿಯಬೇಕಿದೆ, ಬರುವವರು ಶುಕ್ರವಾರ ಸಂಜೆಯೊಳಗೆ ‘ಬರುತ್ತೇನೆ’ ಎಂದು ಉತ್ತರಿಸಿ. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಲೆಕ್ಕವೂ ಅದರ ಮೇಲೆಯೇ.